ಹವಳದ ಬಾಗಿಲಿನ ಕೋಣೆ

ಪೋರ್ಟ್ ಆಂಟೋನಿಯೊ
ಶನಿವಾರ, ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಪಪ್ಪಾ,

ಅಮ್ಮ ನಾಳೆಯ ಪ್ರಾರ್ಥನೆಗೆ ಹೂ ಜೋಡಿಸಲು ಚರ್ಚಿಗೆ ಹೋಗಿದ್ದಾಳೆ. ಅವಳು ಬರುವುದರೊಳಗೆ ಅಡುಗೆಮನೆಯ ಮೇಜಿನ ಮುಂದೆ ಕೂತು ಇದನ್ನು ಮುಗಿಸಬೇಕು. ಆರೋಗ್ಯ ವಿಚಾರಿಸಿಯೇ ಕಾಗದ ಆರಂಭಿಸಬೇಕು ಎಂದು ಕಲಿಸಿದವನು ನೀನು. ಕಿಂಗ್‌ಸ್ಟನ್ನಿನಲ್ಲಿ ಓದುತ್ತಿದ್ದಾಗ ಹಾಗೆ ಬರೆಯದ ನನ್ನ ಮೊದಲ ಕಾಗದವನ್ನು ಅತ್ತೆಯ ಮುಂದೆ ಓದಿ, 'ಇವಳಿಗೆ ಅಪ್ಪ ಬದುಕಿದ್ದಾನೋ ಸತ್ತಿದ್ದಾನೋ ಅನ್ನೋ ಯೋಚನೇನೇ ಇಲ್ಲ' ಎಂದಿದ್ದೆಯಂತೆ. ಆದ್ದರಿಂದ ಕೇಳುತ್ತೇನೆ. ಮೊಣಕಾಲಿನ ನೋವು ಹೇಗಿದೆ? ಒದ್ದೆ ಬಟ್ಟೆಯಲ್ಲೇ ಕೂರುವ ಅಭ್ಯಾಸ ಬಿಟ್ಟೆಯಾ? ನೀನು ಕಡಲ ನಡುವಿನ ಮೊರಾಂಟ್ ದಿಬ್ಬಗಳ ಕಡೆ ಮೀನಿಗೆ ಹೋಗಿ ಬರುವ ಆಗಸ್ಟಿಗೆ ಎರಡು ವರ್ಷವಾಗುತ್ತದೆ. ದೋಣಿ ಮಗುಚಿಕೊಂಡು ಸಿಕ್ಕಿತು, ಹುಟ್ಟುಗಳು ಕಟ್ಟಿದ್ದು ಕಟ್ಟಿದ ಹಾಗೆಯೇ ಇದ್ದವು, ನೀನು ಸಿಗಲಿಲ್ಲ. ಇದೆಲ್ಲ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಆದರೂ ಒಮ್ಮೆ ಬರೆದುಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭವಾಗುತ್ತದೆ.

ನಾನು ಚೆನ್ನಾಗಿದ್ದೇನೆ. ಈಸ್ಟರ್ ಹತ್ತಿರವಾದ್ದರಿಂದ ಬೇಕರಿಯಲ್ಲಿ ಬನ್ನಿನ ಕೆಲಸ ಜಾಸ್ತಿ, ಕೂದಲಿಗೆಲ್ಲ ಜಾಯಿಕಾಯಿಯ ವಾಸನೆ ಹತ್ತಿಕೊಂಡಿದೆ. ಹಿತ್ತಲಿನ ಜೀಗುಜ್ಜೆ ಮರ ಈ ವರ್ಷ ಎಷ್ಟು ಕಾಯಿ ಬಿಟ್ಟಿದೆಯೆಂದರೆ ಪಕ್ಕದ ಮನೆಯವರು ಈಗ ಕೇಳಿ ತೆಗೆದುಕೊಂಡು ಹೋಗುವುದನ್ನೂ ಬಿಟ್ಟಿದ್ದಾರೆ, ತಾವೇ ಕಿತ್ತುಕೊಳ್ಳುತ್ತಾರೆ. ಅಮ್ಮ ಇಳಿದುಹೋಗಿದ್ದಾಳೆ. ಚರ್ಚಿಗೆ ಹಾಕುವ ನೀಲಿ ಉಡುಪನ್ನು ಎರಡು ಸಲ ಬಿಗಿಮಾಡಿ ಹೊಲಿದುಕೊಟ್ಟೆ. ಮುಖ ಮಾತ್ರ ಬಾಡಿಲ್ಲ. ಮದುವೆ ಗೊತ್ತಾದ ಹುಡುಗಿಯ ಹಾಗೆ ಏನೋ ಒಂದು ಸಂತೋಷವನ್ನು ಒಳಗೇ ಇಟ್ಟುಕೊಂಡು ಓಡಾಡುತ್ತಾಳೆ. ನನಗೆ ಹೆದರಿಕೆಯಾಗುವುದು ಅದಕ್ಕೇ.

ನಾಳೆ ಮಧ್ಯಾಹ್ನ ಕಾರ್ವೆನ್ ಸಿನಿಮಾಗಳ ಅಭಿಮಾನಿ ಬಳಗದವರ ವಾರ್ಷಿಕ ತೀರ್ಮಾನ, ಯಾವ ಚಿತ್ರಕ್ಕೆ ಯಾವ ಸ್ಥಾನ ಎಂದು. ನೀನಿಲ್ಲದೆ ನಡೆಯುವ ಎರಡನೆಯದು. ಚರ್ಚಿನ ಹಿಂದಿನ ಸಭಾಂಗಣದಲ್ಲಿ ಎಂದಿನ ಹಾಗೆ ಹಲಗೆಗಳು ಗೋಡೆಗೆ ಬಂದಿವೆ, ಒಂದೊಂದು ಚಿತ್ರಕ್ಕೆ ಒಂದೊಂದು ಬಣ್ಣದ ಹಲಗೆ. ಗೂಢಚಾರ ಕಾರ್ವೆನ್ನನ ಚಿತ್ರಗಳನ್ನೆಲ್ಲ ಒಂದು ತಿಂಗಳಿನಲ್ಲಿ ಮತ್ತೆ ನೋಡಿ ಮುಗಿಸಿದವರಿಗೆ ಮಾತ್ರ ಹಲಗೆ ಮುಟ್ಟುವ ಹಕ್ಕು. ನೆನಪಿನ ಮೇಲೆ ಸ್ಥಾನ ಕೊಡುವ ಹಾಗಿಲ್ಲ. ಈ ಸಲ ಜಗಳ ಬೇಗ ಶುರುವಾಗಿದೆ. ಆಸ್ಪತ್ರೆಗೆ ಹೊಸದಾಗಿ ಬಂದಿರುವ ದಾದಿ ಶಾನೀಲ್ ಎಂಬ ಹುಡುಗಿ ಬಳಗ ಸೇರಿದ್ದಾಳೆ. ನೀನು ಅವಳನ್ನು ನೋಡಿಲ್ಲ, ನೋಡಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದೆ. ನಮ್ಮ ಊರಿನಲ್ಲೇ ತೆಗೆದ ಚಿತ್ರ 'ಹವಳದ ಬಾಗಿಲು' ಮೊದಲ ಸ್ಥಾನದಲ್ಲಿ ಇರುವುದು ನ್ಯಾಯವಲ್ಲ ಎಂಬುದು ಅವಳ ವಾದ. 'ಖಳನಾಯಕ ಮೊದಲರ್ಧ ಪೂರ್ತಿ ಹಡಗಲ್ಲಿ ಕೂತು ಚಹಾ ಕುಡೀತಾನೆ ಸರ್, ಅಷ್ಟೇ. ಅವನಿಗೆ ಹೆದರ್ಕೊಳ್ಳೋದು ಯಾಕೆ?' ಎಂದಳು. ಅಧ್ಯಕ್ಷರ ಕುರ್ಚಿಯಲ್ಲಿ ಇನ್ನೂ ಕತ್‌ಬರ್ಟ್ ಅವರೇ, ಸುಂಕದ ಕಚೇರಿಯಿಂದ ನಿವೃತ್ತರಾದರೂ ಮಾತಾಡುವುದು ಈಗಲೂ ಪೆಟ್ಟಿಗೆ ತೆಗೆಸಿ ನೋಡುವವರ ಹಾಗೆ. 'ತಂಗೀ, ನೀನು ಹುಟ್ಟೋಕೆ ಮೊದಲೇ ಈ ಹಲಗೆ ಮೇಲಿತ್ತು' ಎಂದರು. 'ಅದೇ ನನ್ನ ದೂರು. ಅವತ್ತಿಂದ ಯಾರೂ ಇಳಿಸಿ ಧೂಳು ಕೂಡ ಒರೆಸಿಲ್ಲ' ಎಂದಳು ಅವಳು. ದರ್ಜಿ ವರ್ನಲ್ ಮಾಮ ಎಂದಿನಂತೆ ಕೋಟುಗಳ ಮೇಲೆಯೇ ಸ್ಥಾನ ಕೊಡುತ್ತಿದ್ದಾರೆ. ಕಾರ್ವೆನ್ ಆಗಿ ನಟಿಸಿದ ಎರಡನೆಯವನು, ಆ ಮೀಸೆಯವನು, ರೈಲಿನ ಮೇಲಿಂದ ಬಿದ್ದೆದ್ದರೂ ಕೋಟಿಗೆ ಒಂದು ಸುಕ್ಕಿಲ್ಲ ಎಂಬ ಸಿಟ್ಟು ಇನ್ನೂ ಆರಿಲ್ಲ. 'ಅದು ಗೂಢಚಾರನ ಕೋಟಲ್ಲ, ಹೆಣಕ್ಕೆ ತೊಡಿಸೋ ಕೋಟು' ಎನ್ನುತ್ತಾರೆ. 'ಮಾಮ, ನೀವು ಸಿನಿಮಾ ನೋಡ್ತೀರೋ ಇಸ್ತ್ರಿ ನೋಡ್ತೀರೋ' ಎಂದು ಶಾನೀಲ್ ಕೇಳಿದಾಗ ಎಲ್ಲರೂ ನಕ್ಕರು, ಅಮ್ಮನೂ ನಕ್ಕಳು. ನೀನು ಕೂರುತ್ತಿದ್ದ ಮುಂದಿನ ಕುರ್ಚಿಯಲ್ಲಿ ಈಗ ಅಮ್ಮ ಕೂರುತ್ತಾಳೆ.

ನಿನ್ನ ಮತ ಯಾವಾಗಲೂ ಬೇರೆಯಾಗಿತ್ತು. ನೀನೇ ಇರುವ ಚಿತ್ರವನ್ನು ನೀನು ಒಮ್ಮೆಯೂ ಮೇಲೆ ಇಡಲಿಲ್ಲ. 'ಹುಟ್ಟನ್ನ ಸೌಟಿನ ಹಾಗೆ ಹಿಡೀತಾನೆ ಮಹರಾಯ, ಬಂದರು ದಾಟೋ ಮೊದ್ಲೇ ಮುಳುಗ್ತಾನೆ' ಎಂದು ಅದರ ನಾಯಕನಾದ ಮೊದಲನೆಯ ಕಾರ್ವೆನ್ನನನ್ನು ನಡುವೆ ಎಲ್ಲೋ ತೂಗುಹಾಕುತ್ತಿದ್ದೆ. ಕತ್‌ಬರ್ಟ್ ಅವರು ಪ್ರತಿವರ್ಷ ನೊಂದುಕೊಳ್ಳುತ್ತಿದ್ದರು. ಆದರೂ ಹಲಗೆ ಕೆಳಗಿಳಿಯುತ್ತಿರಲಿಲ್ಲ. ಚಿತ್ರ ತೆಗೆದ ಜಾಗ ತೆಗೆದ ಹಾಗೆಯೇ ಉಳಿದಿದ್ದರೆ ಅದಕ್ಕೆ ಒಂದು ಮೆಟ್ಟಿಲು ಹೆಚ್ಚು ಎಂಬುದು ಬಳಗದ ನಿಯಮ. ಬೇರೆ ಚಿತ್ರಗಳ ಹೋಟೆಲು, ಕೋಟೆ, ಕಾರಂಜಿಗಳೆಲ್ಲ ಬಣ್ಣ ಬದಲಿಸಿವೆ, ಕೆಲವು ನೆಲಸಮವಾಗಿವೆ. ನಮ್ಮ ಮನೆಯ ಮುಂದಿನ ಕೋಣೆ ಮಾತ್ರ ಹಾಗೆಯೇ ಇದೆ.

ಆ ಕೋಣೆಯ ಬಗ್ಗೆ ನಿನಗೆ ಬರೆಯುವುದು ವಿಚಿತ್ರ ಅನ್ನಿಸುತ್ತದೆ. ಚಿತ್ರೀಕರಣಕ್ಕೆಂದು ಸಿನಿಮಾದವರು ನಮ್ಮನೆಯನ್ನೇ ಆರಿಸಿಕೊಂಡ ವಾರ ನನಗೆ ಶಾಲೆಗೆ ರಜೆ ಕೊಡಿಸಿದ್ದೆ. ಕಡಲಿನ ಕಿಟಕಿಯ ಕೆಳಗೆ ಮಂಚ, ಬಾಗಿಲ ಪಕ್ಕ ಬೀರು, ಅದರ ಹಿಂದೆ ಉಸಿರು ಬಿಗಿಹಿಡಿದ ಕಾರ್ವೆನ್. ಮಂಚದ ಕಾಲ್ದೆಸೆಗೆ ತೊಲೆಯಿಂದ ಇಳಿಬಿಟ್ಟ ಹರಕು ಬಲೆ, ಮಂಚದ ತುದಿಯಲ್ಲಿ ಕೂತು ಅದನ್ನು ನೇಯುತ್ತಿರುವ ನೀನು. ಬಲೆಯ ಹರಕಿನ ಮೂಲಕ ಕ್ಯಾಮೆರಾ ನಿನ್ನ ಮುಖವನ್ನು ನೋಡುತ್ತದೆ. ಪಿಸ್ತೂಲಿನವರು ಬಂದು ಒಳಗೆ ಯಾರಿದ್ದಾರೆ ಎಂದು ಕೇಳುತ್ತಾರೆ. ನೀನು ತಲೆಯೆತ್ತದೆ, 'ಯಾರೂ ಇಲ್ಲ, ನಾನೊಬ್ಬನೇ' ಎನ್ನುತ್ತೀಯ. ಇಡೀ ಚಿತ್ರದಲ್ಲಿ ನಿನ್ನ ಮಾತು ಅದೊಂದೇ. ಸಿನಿಮಾದವರು ಊರು ಬಿಟ್ಟ ಮೇಲೂ ನೀನು ಆ ಬಲೆಯನ್ನು ಇಳಿಸಲಿಲ್ಲ, ನೇಯ್ದು ಮುಗಿಸಲೂ ಇಲ್ಲ. 'ಸಿನಿಮಾದ ಬಲೆ, ಇನ್ನು ಮೀನು ಹಿಡಿಯೋಕೆ ನಾಚ್ಕೊಳ್ಳುತ್ತೆ' ಎಂದೆ. ಬಳಗದವರು ಪ್ರತಿವರ್ಷ ಬಂದು ಹರಕಿನ ಹಿಂದೆ ಮುಖವಿಟ್ಟು ಫೋಟೊ ತೆಗೆಸಿಕೊಂಡರು. ಒಬ್ಬರು ಬಾಗಿಲಲ್ಲಿ ನಿಂತು ಒಳಗೆ ಯಾರಿದ್ದಾರೆ ಎಂದು ಕೇಳುವುದು, ಉಳಿದವರೆಲ್ಲ ಒಟ್ಟಿಗೆ ನಿನ್ನ ಮಾತು ಹೇಳುವುದು. ನೀನು ವರಾಂಡದಲ್ಲಿ ಕೂತು, ಕೇಳಿಸದವನ ಹಾಗೆ ಪೈಪು ಸೇದುತ್ತಿದ್ದೆ.

ಸತ್ತವರನ್ನು ಕಳಿಸಿಕೊಡುವ ಒಂಬತ್ತನೆಯ ರಾತ್ರಿ, ನಿನ್ನದಕ್ಕೆ ಊರೇ ಬಂದಿತ್ತು. ಹುರಿದ ಮೀನು, ಬ್ರೆಡ್ಡು, ಬಿಳಿ ರಮ್, ಡಾಮಿನೊ, ಹಾಡು, ಯಾವುದಕ್ಕೂ ಕೊರತೆ ಇರಲಿಲ್ಲ. ನಿನ್ನ ತಟ್ಟೆಯನ್ನು ಉಪ್ಪು ಹಾಕದೆ ಬೇರೆಯಾಗಿ ಇಟ್ಟೆವು. ಕೊನೆಗೆ ಮಂಚ ಬೀರುಗಳ ಜಾಗ ಬದಲಿಸಿ ಕೋಣೆ ತಿರುಗಿಸಬೇಕೆಂದು ಗಂಡಸರು ಎದ್ದಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. 'ಹೆಣ ತಂದು ತೋರ್ಸಿ, ಆಮೇಲೆ ಮಂಚ ಮುಟ್ಟಿ' ಎಂದಳು. ಆಗ ಕತ್‌ಬರ್ಟ್ ಅವರು ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು, 'ಮಿಸ್ ಅಡೀನಾ ಹೇಳೋದು ಸರಿ. ಲಾಸೆಲ್ಸ್‌ಗೆ ಇದಕ್ಕಿಂತ ಒಳ್ಳೆ ಸ್ಮಾರಕ ಯಾವುದಿದೆ? ಇದು ಚಿತ್ರದ ಕೋಣೆ, ಹೀಗೇ ಇರಲಿ' ಎಂದರು. ಬಳಗದವರು ತಲೆದೂಗಿದರು, ನಾನೂ ತಲೆದೂಗಿದೆ. ಬೇರೆಯವರ ಮನೆಗಳಲ್ಲಿ ಹೀಗೆ ಮಂಚ ತಿರುಗಿಸುವಾಗ ಒಂದು ಕಾಲು ಯಾವಾಗಲೂ ನಿನ್ನ ಕೈಯಲ್ಲಿ ಇರುತ್ತಿತ್ತು. ಚಿಕ್ಕವಳಿದ್ದಾಗ ಯಾಕೆ ಎಂದು ಕೇಳಿದ್ದೆ. 'ಸತ್ತವರಿಗೆ ದ್ವೇಷ ಇರಲ್ಲ ಮಗಾ, ಅಭ್ಯಾಸ ಇರುತ್ತೆ. ಎಲ್ಲ ಇದ್ದಲ್ಲೇ ಇದ್ರೆ ಬಂದು ಕೂತ್ಕೋತಾರೆ. ತಿರುಗಿಸಿಬಿಟ್ರೆ, ಅಯ್ಯೋ ಇದು ನಮ್ಮನೆ ಅಲ್ಲ ಅಂದ್ಕೊಂಡು ಹೊರಟುಹೋಗ್ತಾರೆ' ಎಂದಿದ್ದೆ. ಅಷ್ಟು ಗೊತ್ತಿದ್ದ ನಿನ್ನ ಕೋಣೆಯನ್ನೇ ಯಾರೂ ತಿರುಗಿಸಲಿಲ್ಲ.

ಹೊಸ ವರ್ಷ ಕಳೆದ ಮೇಲೆ ಒಂದು ಭಾನುವಾರ ಕತ್‌ಬರ್ಟ್ ಅವರು ಮಾಂಟೆಗೊ ಬೇಯಿಂದ ಬಂದ ಇಬ್ಬರು ಅಭಿಮಾನಿಗಳನ್ನು ಕರೆತಂದರು. ಅವರಲ್ಲಿ ಒಬ್ಬಾತ ಬಲೆಯ ಹಿಂದೆ ಮುಖವಿಡಲು ಹೋದ, ಮುಖ ಹಿಡಿಸಲಿಲ್ಲ. ಕಣ್ಣು ಮತ್ತು ಮೂಗು ಮಾತ್ರ ಕಂಡವು. ಕತ್‌ಬರ್ಟ್ ಅವರು ಫೋನಿನಲ್ಲಿ ಚಿತ್ರದ ಆ ದೃಶ್ಯ ತೆಗೆದು ಬಲೆಯ ಪಕ್ಕ ಹಿಡಿದರು. ಬಲೆಯ ಕಣ್ಣುಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಬೇರೆಯವರಿಗೆ ಕೇಳಿಸಬಾರದೆಂದು ತಗ್ಗಿದ ದನಿಯಲ್ಲಿ, 'ಎನಿಡ್, ತಪ್ಪು ತಿಳ್ಕೋಬೇಡ. ಬಲೆ ನೇಯ್ದೋರು ಯಾರು? ಪ್ರೀತಿಯಿಂದ ಮಾಡಿರಬಹುದು, ಗೊತ್ತು. ಆದ್ರೆ ಇದು ಚಿತ್ರದ ವಸ್ತು. ಮೊನಾಲಿಸಾಗೆ ಹುಬ್ಬು ಬರೆದ ಹಾಗಾಯ್ತು' ಎಂದರು. ನಾನು ನೇಯ್ದಿಲ್ಲ ಎಂದೆ. ಅಮ್ಮನಿಗೆ ನೇಯಲು ಬರುವುದಿಲ್ಲ ಎಂದೂ ಹೇಳಿದೆ. ಅವರು ನಂಬಲಿಲ್ಲ. ನನಗೂ ಅವರ ಮಾತು ನಂಬಬೇಕೋ ಬೇಡವೋ ತಿಳಿಯದೆ ಒಳಗೆ ಹೋಗಿ ನೋಡಿದೆ. ಹೊಸ ಹುರಿ ಹಳೆಯದಕ್ಕಿಂತ ಬೆಳ್ಳಗೆ ಇತ್ತು. ಗಂಟುಗಳ ತುದಿಗಳು ಬೇರೆ ಎಲ್ಲ ಬಲೆಗಾರರ ಗಂಟಿಗೂ ವಿರುದ್ಧ ದಿಕ್ಕಿಗೆ ಮಲಗಿದ್ದವು. ಈ ದಂಡೆಯಲ್ಲಿ ಎಡಗೈಯಲ್ಲಿ ಬಲೆ ನೇಯುತ್ತಿದ್ದವನು ನೀನೊಬ್ಬನೇ.

ಮುಂದೆ ನಡೆದದ್ದಕ್ಕೆ ಅವರ ಮೇಲೆ ಸಿಟ್ಟಾಗಬೇಡ. ಬಳಗದವರು ಸೇರಿ ಚರ್ಚಿಸಿ, ಬಲೆಯನ್ನು ಚಿತ್ರದಲ್ಲಿದ್ದ ಹಾಗೆ ಮಾಡುವುದೆಂದು ತೀರ್ಮಾನಿಸಿದರು. ಕೈ ನಡುಗದೆ ಕತ್ತರಿ ಆಡಿಸಬಲ್ಲವರು ವರ್ನಲ್ ಮಾಮ ಒಬ್ಬರೇ. ಅಮ್ಮ ಪೇಟೆಗೆ ಹೋದ ಹೊತ್ತಿನಲ್ಲಿ ಬಂದರು. ಕತ್‌ಬರ್ಟ್ ಅವರು ಚಿತ್ರ ಹಿಡಿದು 'ಇಲ್ಲಿ, ಇನ್ನೊಂದು, ಸಾಕು' ಎನ್ನುತ್ತ ಹೋದರು, ವರ್ನಲ್ ಮಾಮ ಬಿಳಿ ಹುರಿಯನ್ನು ಮಾತ್ರ ಒಂದೊಂದಾಗಿ ಕತ್ತರಿಸಿ ಜೇಬಿಗೆ ಹಾಕಿಕೊಂಡರು. ಶಾನೀಲ್ ಹರಕಿನ ಹಿಂದೆ ಮುಖವಿಟ್ಟು ನಕ್ಕಳು. ಚಿತ್ರಕ್ಕೆ ಸರಿಹೊಂದಿತು. ಅಮ್ಮ ಬಂದು ನೋಡಿ ಕೂಗಾಡಲಿಲ್ಲ. ಕೈಚೀಲ ಕೆಳಗಿಟ್ಟು, 'ಪಾಪ, ಎಷ್ಟು ದಿನದ ಕೆಲಸ' ಎಂದಳು, ಅಷ್ಟೇ. ಮುಂದಿನ ಭಾನುವಾರ ಅವರು ಬಂದಾಗ ಬಲೆ ಮೊದಲಿಗಿಂತ ಹೆಚ್ಚು ಮುಚ್ಚಿಕೊಂಡಿತ್ತು. ಕೊನೆಯ ಗಂಟುಗಳನ್ನು ಮುಟ್ಟಿದ ವರ್ನಲ್ ಮಾಮ ಬೆರಳನ್ನು ನಾಲಿಗೆಗೆ ತಾಕಿಸಿಕೊಂಡರು. ಹುರಿ ಒದ್ದೆಯಾಗಿತ್ತು, ಕಡಲ ನೀರು. ಅವರು ಟೋಪಿ ಹಾಕಿಕೊಂಡು ಹೊರಟರು. ಕತ್‌ಬರ್ಟ್ ಅವರು ಮಾತ್ರ, 'ನೋಡಮ್ಮ, ಹಟ ಬೇಡ' ಎಂದು ನನಗೆ ಬುದ್ಧಿ ಹೇಳಿದರು. ಹಟ ಯಾರದು ಎಂದು ನಾನು ಹೇಗೆ ವಿವರಿಸಲಿ?

ಅಮ್ಮ ಆ ದಿನವೇ ಉಪ್ಪು ಬಿಟ್ಟಳೋ ಅದಕ್ಕೂ ಮೊದಲೇ ಬಿಟ್ಟಿದ್ದಳೋ ಹೇಳಲಾರೆ. ನಾನು ಬೆಳಕು ಹರಿಯುವ ಮೊದಲೇ ಬೇಕರಿಗೆ ಹೊರಡುವುದರಿಂದ ಗಮನಿಸಿರಲಿಲ್ಲ. ಒಂದು ಶನಿವಾರ ಆಕಿ ಹಣ್ಣು ಮತ್ತು ಉಪ್ಪುಮೀನಿನ ಪಲ್ಯ ಮಾಡಿ ಬಡಿಸಿದಾಗ ಮೀನಿನ ಚೂರುಗಳನ್ನೆಲ್ಲ ತಟ್ಟೆಯ ಅಂಚಿಗೆ ತಳ್ಳಿದಳು. ರಕ್ತದೊತ್ತಡ ಎಂದುಕೊಂಡೆ. ಆಮೇಲೆ ನೋಡಿದರೆ ಅನ್ನಕ್ಕೂ ಉಪ್ಪಿಲ್ಲ, ಸಾರಿಗೂ ಇಲ್ಲ, ಉಪ್ಪು ಬೆರೆತ ಬೆಣ್ಣೆಯನ್ನೂ ಮುಟ್ಟುವುದಿಲ್ಲ. ನಿನ್ನ ಕೋಣೆಯಲ್ಲಿ ಎರಡು ತಟ್ಟೆಗಳು, ಎರಡೂ ಒಂದೇ ರೀತಿಯವು. ಸತ್ತವರ ತಟ್ಟೆಗೆ ಹಾಕದ್ದನ್ನು ಅವಳೂ ಹಾಕಿಕೊಳ್ಳುತ್ತಿಲ್ಲ. ಮಂಚದಲ್ಲಿ ಗೋಡೆಯ ಕಡೆ ಮಾತ್ರ ಮಲಗುತ್ತಾಳೆ, ಹೊದಿಕೆಯನ್ನು ಇನ್ನೊಂದು ಕಡೆಗೂ ಸರಿಯಾಗಿ ಹೊದಿಸಿ. ಫೆಬ್ರವರಿಯಲ್ಲಿ ಬಳಗದವರು ಬಂದಾಗ ಶಾನೀಲ್ ಬಾಗಿಲಲ್ಲಿ ನಿಂತು, ಆಟದ ದನಿಯಲ್ಲಿ, ಒಳಗೆ ಯಾರಿದ್ದಾರೆ ಎಂದು ಕೇಳಿದಳು. ಎಲ್ಲರೂ ನಿನ್ನ ಮಾತು ಹೇಳಿದರು. ಅವರು ಹೇಳಿ ಮುಗಿಸಿದ ಮೇಲೆ, ಮಂಚದ ಮೇಲೆ ಬಟ್ಟೆ ಮಡಿಸುತ್ತಿದ್ದ ಅಮ್ಮ ತಲೆಯೆತ್ತದೆ, 'ಯಾರೂ ಇಲ್ಲ, ನಾವಿಬ್ಬರೇ' ಎಂದಳು. ಅವರು ನಗೆಚಾಟಿಕೆ ಎಂದುಕೊಂಡು ನಕ್ಕರು. ಶಾನೀಲ್ ನಗಲಿಲ್ಲ. ಹೊರಗೆ ಬಂದು ನನ್ನ ಕೈ ಹಿಡಿದು, 'ಅಕ್ಕಾ, ಅಮ್ಮ ಸರಿಯಾಗಿ ಊಟ ಮಾಡ್ತಾರಾ?' ಎಂದು ಕೇಳಿದಳು.

ನಾನು ಅಮ್ಮನನ್ನು ನೇರವಾಗಿಯೇ ಕೇಳಿದೆ. ಬೆಳಗಿನ ಹೊತ್ತು, ಬಟ್ಟೆ ಒಣಹಾಕುತ್ತಿದ್ದೆವು. ಅವಳಿಗೆ ಮುಚ್ಚಿಡುವ ಯೋಚನೆಯೇ ಇರಲಿಲ್ಲ. 'ಬಲೆ ಮುಗಿಸ್ತಿದ್ದಾರೆ ಕಣೇ. ಮುಗಿದ ದಿನ ಹೊರಡೋದು. ಅವತ್ತು ನನ್ನನ್ನ ಬಿಟ್ಟು ಹೋದ್ರು, ಈ ಸಲ ಇಬ್ರೂ ಹೋಗ್ತೀವಿ' ಎಂದಳು. ಎಲ್ಲಿಗೆ ಎಂದೆ. 'ಎಲ್ಲಿಗೆ ಅಂದ್ರೆ? ಮೀನಿಗೆ' ಎಂದು ನಕ್ಕಳು, ನಾನೇ ದಡ್ಡಿ ಎನ್ನುವ ಹಾಗೆ. ನನ್ನ ಗತಿ ಏನು ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಬಟ್ಟೆಯ ಹಗ್ಗದ ಮೇಲೆ ನಿನ್ನ ಎರಡು ಅಂಗಿಗಳಿದ್ದವು. ಅವುಗಳನ್ನು ನಾನು ಒಗೆಯಲು ಹಾಕಿರಲಿಲ್ಲ.

ಪಪ್ಪಾ, ನಿನ್ನ ಮೇಲೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ನೀನು ಅವಳನ್ನು ಕರೆಯುತ್ತಿದ್ದೀಯೆಂದು ನನಗೆ ಅನ್ನಿಸುವುದಿಲ್ಲ. ನಿನಗೆ ಅರ್ಧಕ್ಕೆ ಬಿಟ್ಟ ಕೆಲಸ ಕಣ್ಣೆದುರು ತೂಗುತ್ತಿದ್ದರೆ ಸುಮ್ಮನೆ ಕೂರಲಾಗುವುದಿಲ್ಲ, ಅಷ್ಟೇ. ಹಿಂದೆಯೂ ಹಾಗೆಯೇ ಇದ್ದೆ. ನನಗೂ ನೀನಿರುವುದು ಬೇಡವಾಗಿಲ್ಲ. ಹೋದ ತಿಂಗಳು ಕೋಣೆ ಗುಡಿಸುವಾಗ ಕಿಟಕಿಯ ಮೇಲೆ, ಹುರಿ ಸುತ್ತಿಕೊಂಡು ನೇಯುವ ನಿನ್ನ ಬಲೆಯ ಸೂಜಿ ಕಣ್ಣಿಗೆ ಬಿತ್ತು. ಹುರಿ ಮುಗಿದಿತ್ತು. ನಾನು ಪೊರಕೆ ಬದಿಗಿಟ್ಟು, ಹುರಿಯ ಉಂಡೆ ತಂದು, ಸೂಜಿ ತುಂಬಿಸಿ ಇದ್ದಲ್ಲೇ ಇಟ್ಟೆ. ಯಾಕೆ ಎಂದು ನನ್ನನ್ನು ನಾನೇ ಕೇಳಿಕೊಂಡದ್ದು ಆಮೇಲೆ. ಐದು ವರ್ಷದವಳಿದ್ದಾಗಿನಿಂದ ಅದು ನನ್ನ ಕೆಲಸ, ಕೈ ತಾನಾಗಿ ಮಾಡಿತು. ಸಂಜೆಗೆ ಸೂಜಿ ಮತ್ತೆ ಖಾಲಿಯಾಗಿತ್ತು. ನನಗೆ ಆಗ ಆದದ್ದು ಹೆದರಿಕೆಯಲ್ಲ. ಅದನ್ನು ನೆನೆದರೆ ಈಗ ಹೆದರಿಕೆಯಾಗುತ್ತದೆ.

ಇವತ್ತು ಬೆಳಿಗ್ಗೆ ನೋಡಿದೆ. ಬಲೆಯಲ್ಲಿ ನೇಯದೆ ಉಳಿದಿರುವುದು ಒಂದೇ ಕಣ್ಣು, ನನ್ನ ಮುಷ್ಟಿ ದಾಟುವಷ್ಟು. ಅಮ್ಮ ನೀಲಿ ಉಡುಪಿಗೆ ಇಸ್ತ್ರಿ ಮಾಡಿ ಬೀರುವಿನ ಬಾಗಿಲಿಗೆ ತೂಗುಹಾಕಿದ್ದಾಳೆ. ನಾಳೆಯ ಸಭೆಗೆ ಎಂದು ಬೇರೆಯವರು ಅಂದುಕೊಳ್ಳುತ್ತಾರೆ. ಸಭೆಗೆ ಬಂದೇ ಬರುತ್ತಾಳೆ, ನಿನ್ನ ಹಲಗೆಗೆ ಮತ ಹಾಕದೆ ಎಲ್ಲಿಗೂ ಹೊರಡುವವಳಲ್ಲ. ಕತ್‌ಬರ್ಟ್ ಅವರು ನಿನ್ನೆ ಬೇಕರಿಗೆ ಬಂದಿದ್ದರು, ಬನ್ನಿಗಲ್ಲ. ತೀರ್ಮಾನದ ನಂತರ ಎಲ್ಲರೂ ಕೋಣೆ ನೋಡಲು ಬರುತ್ತಾರಂತೆ, ದೂರದೂರಿನವರೂ ಇದ್ದಾರಂತೆ. ಅಷ್ಟರೊಳಗೆ ಬಲೆಯನ್ನು ಮತ್ತೊಮ್ಮೆ ಕತ್ತರಿಸಿ ಚಿತ್ರಕ್ಕೆ ಸರಿಮಾಡಿಡಬೇಕು, ಇಲ್ಲದಿದ್ದರೆ ಜಾಗ ಉಳಿದಿದೆ ಎಂದು ಹೇಳಲಾಗುವುದಿಲ್ಲ, ಹಲಗೆ ಇಳಿಯುತ್ತದೆ. 'ಎನಿಡ್, ಅಪ್ಪನ ಹೆಸರು ಉಳಿಯೋದು ಬೇಡ್ವಾ ನಿಂಗೆ?' ಎಂದು ಕೇಳಿದರು. ಅವರ ಕಣ್ಣಲ್ಲಿ ನೀರಿತ್ತು. ನಿನ್ನನ್ನು ಅವರು ನಿಜವಾಗಿ ಪ್ರೀತಿಸುತ್ತಿದ್ದರು. ಆದರೆ ಕತ್ತರಿಸಿದರೆ ನೀನು ಮತ್ತೆ ನೇಯುತ್ತೀಯ. ನೇಯುವವರೆಗೆ ಅಮ್ಮ ಉಪ್ಪಿಲ್ಲದೆ ಕಾಯುತ್ತಾಳೆ, ಕಾದಷ್ಟೂ ಇಳಿಯುತ್ತಾಳೆ. ಕತ್ತರಿಸದೆ ಬಿಟ್ಟರೆ ಆ ಒಂದು ಕಣ್ಣು ಮುಚ್ಚುತ್ತದೆ. ಎರಡರಲ್ಲಿ ಯಾವುದಕ್ಕೂ ನಾನು ಹೂಂ ಎನ್ನಲಿಲ್ಲ. ಯೋಚಿಸುತ್ತೇನೆ ಎಂದೆ. ಅವರು ಒಂದು ಬನ್ನು ಕೊಂಡುಕೊಂಡು ಹೋದರು.

ಗೇಟಿನ ಸದ್ದಾಯಿತು, ಅಮ್ಮ ಇರಬೇಕು. ಈ ಕಾಗದವನ್ನು ಮಂಚದ ಮೇಲೆ ನೀನು ಕೂರುವ ತುದಿಯಲ್ಲಿ, ಹೊದಿಕೆಯ ಅಡಿಗೆ ಇಡುತ್ತೇನೆ. ನಿನ್ನ ಜೊತೆಗಾರ ಮೀನುಗಾರರೆಲ್ಲ ಚೆನ್ನಾಗಿದ್ದಾರೆ. ದೋಣಿಯನ್ನು ದುರಸ್ತಿ ಮಾಡಿ ನೀಲಿ ಬಣ್ಣ ಬಳಿದಿದ್ದಾರೆ, ನಿನಗೆ ಹಿಡಿಸುವುದಿಲ್ಲ. ವರ್ನಲ್ ಮಾಮ ನಮಸ್ಕಾರ ತಿಳಿಸಲು ಹೇಳಿದ್ದಾರೆ. ಹೀಗೆ ನಿನಗೆ ಬರೆಯುತ್ತೇನೆಂದು ಹೇಳಿದಾಗ ಅವರು ಆಶ್ಚರ್ಯಪಡಲಿಲ್ಲ. ನೀನು ಎಲ್ಲಿದ್ದರೂ ಮೈ ಒಣಗಿರಲಿ, ಬೆಚ್ಚಗಿರಲಿ. ನನ್ನನ್ನು ಆಶೀರ್ವದಿಸು.

ನಿನ್ನ ಮಗಳು
ಎನಿಡ್

ಮರೆತ ಮಾತು: ಅಮ್ಮ ಹಿತ್ತಲಿಗೆ ಹೋದಳು, ಒಂದು ನಿಮಿಷ ಸಿಕ್ಕಿದೆ. ನಾಳೆ ಅಮ್ಮ ಸಭಾಂಗಣದಲ್ಲಿ ಮುಂದಿನ ಕುರ್ಚಿಯಲ್ಲಿ ಇರುವ ಹೊತ್ತಿಗೆ ನಾನೂ ವರ್ನಲ್ ಮಾಮನೂ ನಿನ್ನ ಕೋಣೆ ತಿರುಗಿಸುತ್ತೇವೆ. ಇಷ್ಟು ವರ್ಷಗಳಲ್ಲಿ ಅವರು ತೀರ್ಮಾನಕ್ಕೆ ತಪ್ಪಿಸಿಕೊಳ್ಳುವುದು ಇದೇ ಮೊದಲು. 'ಕೋಟು ನೋಡೋಕೆ ಮುಂದಿನ ವರ್ಷ ಇದೆ' ಎಂದರು. ಶಾನೀಲ್‌ಗೂ ಹೇಳಿದ್ದೇನೆ, ಅಮ್ಮ ಮಧ್ಯದಲ್ಲಿ ಎದ್ದು ಬಾರದ ಹಾಗೆ ನೋಡಿಕೊಳ್ಳುತ್ತಾಳೆ, ಬೇಕಾದರೆ ಜಗಳ ಬೆಳೆಸುತ್ತಾಳೆ. ಹಲಗೆ ಇಳಿಯುತ್ತದೆ, ಇನ್ನು ಯಾರೂ ನಮ್ಮ ಮನೆ ನೋಡಲು ಬರುವುದಿಲ್ಲ, ಅಮ್ಮ ಎಷ್ಟು ದಿನ ನನ್ನ ಜೊತೆ ಮಾತು ಬಿಡುತ್ತಾಳೋ ಗೊತ್ತಿಲ್ಲ. ಬಿಡಲಿ. ಬಲೆಯನ್ನು ಕತ್ತರಿಸುವುದಿಲ್ಲ, ನಿನ್ನ ಒಂದು ಗಂಟನ್ನೂ ಬಿಚ್ಚುವುದಿಲ್ಲ. ಉಳಿದ ಕಣ್ಣನ್ನು ನಾನೇ ನೇಯುತ್ತೇನೆ, ಬಲಗೈಯಲ್ಲಿ, ಅದು ಮುಗಿಸಿದವರು ಯಾರು ಎಂದು ಅಮ್ಮನಿಗೆ ಕಾಣುವ ಹಾಗೆ. ಇವತ್ತು ಒಂದು ದಿನ ಅದನ್ನು ಮುಟ್ಟಬೇಡ ಪಪ್ಪಾ, ನನಗೋಸ್ಕರ ಬಿಡು. ಸೂಜಿಯನ್ನು ನಾನು ತೆಗೆದಿಟ್ಟುಕೊಂಡಿದ್ದೇನೆ. ಇಷ್ಟೆಲ್ಲ ಬರೆದರೂ ಮಂಚ ಯಾವ ಗೋಡೆಗೆ ಹೋಗುತ್ತದೆ, ಬೀರು ಎಲ್ಲಿಗೆ, ಕನ್ನಡಿ ಯಾವ ಕಡೆಗೆ ಎಂದು ಬರೆಯುತ್ತಿಲ್ಲ. ಅದೊಂದನ್ನು ನಿನಗೆ ಹೇಳಬಾರದು. ಅಮ್ಮನನ್ನು ಕೇಳಬೇಡ, ಅವಳಿಗೂ ಹೇಳಿಲ್ಲ.